ಪ್ರಸಂಗಕ್ಕೆ ನಿಲ್ಲೋ ಮುಂಚೆ ಯಾಕೆ ಅಂತ ಕೇಳ್ಕೊಳ್ಳಿ

ಭಾನುವಾರ ಚರ್ಚಲ್ಲಿ ಪ್ರಸಂಗ, ಅಂದ್ರೆ ಬೈಬಲ್ ಉಪದೇಶ, ಮಾಡಿ ಅಂದ್ರೆ ತಕ್ಷಣ ನೋಟ್ಸ್ ಬರಿಯೋಕೆ ಕೂರಬೇಡಿ, ಯಾಕೆ ಮಾತಾಡ್ತಿದೀನಿ ಅಂತ ಮೊದಲು ಕೇಳ್ಕೊಳ್ಳಿ. ಯೇಸುವಿನ ಅಪೊಸ್ತಲ ಪೌಲನ ಉತ್ತರ ಬೈಬಲಲ್ಲಿರೋ ಅವನ ಪತ್ರ 1 ಕೊರಿಂಥ 9:16ರಲ್ಲಿದೆ, ಸುವಾರ್ತೆ, ಅಂದ್ರೆ ಯೇಸುವಿನ ಶುಭಸುದ್ದಿ, ಸಾರೋದು ಅವನಿಗೆ ಹೊಗಳಿಕೊಳ್ಳೋ ವಿಷಯ ಅಲ್ಲ, ಸಾರದೇ ಇರೋಕೆ ಆಗದಷ್ಟು ಒತ್ತಡ, 2 ಕೊರಿಂಥ 5:14ರಲ್ಲಿ ಆ ಒತ್ತಾಯ ಕ್ರಿಸ್ತನ ಪ್ರೀತಿಯದ್ದು ಅಂತಾನೆ. ಹೊಟ್ಟೆಕಿಚ್ಚಿಂದ ಸಾರೋರು ಆಗಲೂ ಇದ್ರು, ಫಿಲಿಪ್ಪಿ 1:15 ಓದಿ. ಆಮೇಲೆ ನೋಟ್ಸಲ್ಲಿ ನಿಮ್ಮನ್ನ ದೊಡ್ಡೋರು ಮಾಡೋ ಸಾಕ್ಷಿ (ನಿಮ್ಮ ಸ್ವಂತ ನಂಬಿಕೆಯ ಅನುಭವ), ಯಾರನ್ನೋ ಕುಟುಕೋ ಸಾಲು ಇದ್ರೆ ಹೊಡೆದು ಹಾಕಿ. ಬೈಬಲಲ್ಲಿ ಸುವಾರ್ತೆ ಸಾರೋ ಫಿಲಿಪ್ಪ ಅನ್ನೋನು, ಪವಿತ್ರ ಗ್ರಂಥ ಓದ್ತಿದ್ದ ಇಥಿಯೋಪ್ಯದ ಅಧಿಕಾರಿಯ ರಥದ ಹತ್ರ ಓಡಿ ಹೋಗಿ ಮೊದಲು ಕೇಳಿದ್ದು ಓದ್ತಿರೋದು ಅರ್ಥ ಆಗ್ತಿದೆಯಾ ಅಂತ, ಹಾಗೇ ನೀವೂ ಕೊನೇ ಬೆಂಚಲ್ಲಿ ಕೂರೋ ಒಬ್ಬರನ್ನ ಮನಸ್ಸಲ್ಲಿಟ್ಕೊಂಡು, ಅವರಿಗೆ ಯೇಸು ಬಗ್ಗೆ ಏನು ಗೊತ್ತಾಗಬೇಕು ಅಂತ ಒಂದೇ ಸಾಲು ಬರೀರಿ, ಪ್ರಸಂಗ ಅಲ್ಲಿಂದ ಶುರು ಮಾಡಿ.