ಕಣಿ ಹುಡುಕುವ ಸಂಜೆ

ವಿಷುವಿನ ಹಿಂದಿನ ದಿನ ನಮ್ಮ ಮನೆಯಲ್ಲಿ ಹನ್ನೊಂದು ಹನ್ನೆರಡು ಮಕ್ಕಳು ಸೇರುತ್ತಾರೆ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ಹೋದರೆ ನಮ್ಮ ತೋಟದ ಮನೆ. ಭಾವನ ಮಕ್ಕಳು ಬೆಂಗಳೂರಿನಿಂದ ಬರುತ್ತಾರೆ, ನಾದಿನಿಯ ಮಕ್ಕಳು ಮಂಗಳೂರಿನಿಂದ. ಪಕ್ಕದ ಮಲಯಾಳಿ ಮನೆಯ ಇಬ್ಬರು ಹೇಗೂ ಇಲ್ಲೇ ಇರುತ್ತಾರೆ. ಆರು ವರ್ಷದಿಂದ ಆ ಸಂಜೆ ಮಕ್ಕಳಿಗೆ ಹುಡುಕಾಟದ ಆಟ ಮಾಡಿಸುತ್ತಿದ್ದೇನೆ. ಟ್ರೆಷರ್ ಹಂಟ್ ಅಂತ ದೊಡ್ಡ ಹುಡುಗರು ಹೇಳುತ್ತಾರೆ. ಸಣ್ಣವರಿಗೆ ಅದು ಬರೀ 'ಚೀಟಿ ಆಟ'.

ಮೊದಲ ವರ್ಷ ಮಾಡಿದ್ದು ಸರಿಯಾಗಲಿಲ್ಲ. ಇಪ್ಪತ್ತು ಚೀಟಿ ಬರೆದು, ಒಂದೊಂದರ ಜೊತೆ ಚಾಕಲೇಟು ಇಟ್ಟು, ತೋಟದಲ್ಲೆಲ್ಲಾ ಅಡಗಿಸಿದ್ದೆ. ಎಂಟನೇ ಕ್ಲಾಸಿನ ಹುಡುಗ ಒಬ್ಬನೇ ಓಡಿ ಹದಿಮೂರು ಚೀಟಿ ಹಿಡಿದುಕೊಂಡು ಬಂದ. ಐದು ವರ್ಷದವಳು ಜಗಲಿಯ ಮೂಲೆಯಲ್ಲಿ ಮುಖ ಮುಚ್ಚಿ ಕೂತಿದ್ದಳು. ಏಪ್ರಿಲ್ ಸೆಕೆಗೆ ಚಾಕಲೇಟೆಲ್ಲ ಕರಗಿ ಕವರಿಗೆ ಅಂಟಿತ್ತು. ಆ ಮಗುವಿನ ಮುಖ ನನಗೆ ತುಂಬಾ ದಿನ ಕಣ್ಣಿಗೆ ಕಟ್ಟಿತ್ತು.

ಅದೇ ರಾತ್ರಿ ಮಕ್ಕಳೆಲ್ಲ ಮಲಗಿದ ಮೇಲೆ ಅತ್ತೆ ಕಣಿ, ಅಂದರೆ ವಿಷುವಿನ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ನೋಡುವ ಮಂಗಳ ವಸ್ತುಗಳನ್ನು, ಇಡಲು ಕೂತರು. ಉರುಳಿ ಎಂಬ ಅಗಲ ಪಾತ್ರೆಗೆ ಅಕ್ಕಿ ಹಾಕಿದರು, ತೆಂಗಿನಕಾಯಿ ಒಡೆದಿಟ್ಟರು. ಆಮೇಲೆ ಟಾರ್ಚ್ ಹಿಡಿದು ಅಂಗಳಕ್ಕೆ ಬಂದು, "ಕಕ್ಕೆ ಹೂ ಯಾರಾದರೂ ತಂದಿದ್ದೀರಾ?" ಅಂತ ಕೇಳಿದರು. ಯಾರೂ ತಂದಿರಲಿಲ್ಲ. ಮನೆ ತುಂಬಾ ಮಕ್ಕಳು, ಇಡೀ ಸಂಜೆ ಹುಡುಕಾಟ ಆಡಿದವರು. ಆದರೆ ಬೇಕಾದ ಹೂ ತರಲು ಅತ್ತೆಯೇ ಕತ್ತಲಲ್ಲಿ ಹೊರಟಿದ್ದರು. ಹುಡುಕುವ ಪಟ್ಟಿ ಅತ್ತೆಯ ತಲೆಯಲ್ಲಿ ಅರುವತ್ತು ವರ್ಷದಿಂದ ತಯಾರಿತ್ತು. ನಾನು ಸುಮ್ನೆ ಚಾಕಲೇಟು ಅಡಗಿಸಿದ್ದೆ.

ಮರುವರ್ಷದಿಂದ ಕಣಿಗೆ ಬೇಕಾದ ಸಾಮಾನೇ ನಮ್ಮ ನಿಧಿ. ಸೌತೆಕಾಯಿ, ಗೇರುಹಣ್ಣು, ಮಾವಿನ ಗೊಂಚಲು, ಹಿಂಗಾರ (ಅಡಕೆಯ ಹೂಗೊನೆ), ವೀಳ್ಯದೆಲೆ, ಗಿಂಡಿಗೆ ನೀರು, ಕಕ್ಕೆ ಹೂ, ಕೊನೆಗೆ ಕನ್ನಡಿ. ಒಟ್ಟು ಎಂಟು. ಅದಕ್ಕಿಂತ ಜಾಸ್ತಿ ಮಾಡಿದರೆ ಸಣ್ಣವರು ದಣಿಯುತ್ತಾರೆ. ಚಿನ್ನ, ಹೊಸ ಬಟ್ಟೆ, ದೀಪ ಅತ್ತೆಯ ಕೆಲಸ. ನಾಲ್ಕು ಗಂಟೆಗೆ ಬಿಸಿಲು ಇಳಿದ ಮೇಲೆ ಶುರು ಮಾಡುತ್ತೇವೆ, ದೀಪ ಹಚ್ಚುವ ಹೊತ್ತಿಗೆ ಮುಗಿಯಬೇಕು. ತಂದದ್ದನ್ನೆಲ್ಲ ಅತ್ತೆಯ ಕೈಗೆ ಕೊಟ್ಟುಬಿಡುತ್ತಾರೆ. ಕಣಿ ಹೇಗೆ ಇಟ್ಟಿದ್ದಾರೆ ಅಂತ ಬೆಳಗ್ಗೆ ಕಣ್ಣು ಬಿಟ್ಟಾಗಲೇ ನೋಡಬೇಕು. ಆ ಗುಟ್ಟು ಹಾಗೇ ಉಳಿಯಬೇಕಲ್ವಾ?

ಚೀಟಿ ಬರೆಯುವಾಗ ನಾನು ಹಿಡಿದುಕೊಂಡಿರುವುದು ಒಂದೇ ಮಾತು. ಯಾವ ಚೀಟಿಯನ್ನೂ ಒಬ್ಬನೇ ಬಿಡಿಸುವ ಹಾಗಿರಬಾರದು. ಓದಲು ಒಬ್ಬರು, ಹತ್ತಲು ಒಬ್ಬರು, ಗೊತ್ತಿದ್ದು ಹೇಳಲು ಒಬ್ಬ ಹಿರಿಯರು ಬೇಕಾಗಬೇಕು. ಬೆಂಗಳೂರಿನ ಹುಡುಗ ಬುದ್ಧಿವಂತ, ಆದರೆ ಕನ್ನಡ ಓದುವುದು ನಿಧಾನ. ನನ್ನ ಮಗಳಿಗೆ ಕನ್ನಡ ನೀರು ಕುಡಿದಷ್ಟು ಸಲೀಸು, ಮಲಯಾಳ ತಡವರಿಸುತ್ತಾಳೆ. ಪಕ್ಕದ ಮನೆಯ ಹುಡುಗಿಗೆ ಮಲಯಾಳ ಬರುತ್ತದೆ, ತುಳು ಅರ್ಥವಾಗುತ್ತದೆ. ಹಾಗಾಗಿ ಒಂದು ಚೀಟಿ ಮಲಯಾಳದಲ್ಲೇ ಇರುತ್ತದೆ. ಅದನ್ನು ಅವಳೇ ಓದಬೇಕು. ಅದು ಅವಳ ಮನೆಯ ಅಮ್ಮನ ಹತ್ತಿರ ಕಳಿಸುತ್ತದೆ. ಅಲ್ಲಿ ಎಲ್ಲರೂ ಸಾಲಾಗಿ ನಿಂತು "ವೆಟ್ಟಿಲ ವೇಣಂ" ಅನ್ನಬೇಕು. ಅವರು ನಗುತ್ತಾ ಬಳ್ಳಿಯಿಂದ ವೀಳ್ಯದೆಲೆ ಕಿತ್ತು ಕೊಡುತ್ತಾರೆ. ಬೆಂಗಳೂರಿನವನು ಆ ಎರಡು ಶಬ್ದವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗುತ್ತಾನೆ.

ಸೌತೆಕಾಯಿಗೆ ಬರೆದ ಒಗಟು ಇದು: "ನೆಲದಲ್ಲಿ ಹುಟ್ಟಿದೆ, ಮಾಡಿನಡಿ ನೇತಾಡುತ್ತೇನೆ. ಹಗ್ಗ ಇದೆ, ಉಯ್ಯಾಲೆ ಅಲ್ಲ. ಬಂಗಾರದ ಮೈ, ಪೆಟ್ಟಿಗೆಯಲ್ಲಿ ಇಡುವುದಿಲ್ಲ." ಬೆಂಗಳೂರಿನವನು "ಬಲ್ಬು!" ಅಂದ. ಅವನು ನೋಡಿದ್ದರಲ್ಲಿ ನೇತಾಡುವುದು ಅದೇ. ಊರಿನ ಮಕ್ಕಳು ಮಾತ್ರ ನೇರ ಅಡುಗೆಮನೆಯ ಹಿಂದಿನ ಚಾವಡಿಗೆ ಓಡಿದರು. ನಮ್ಮಲ್ಲಿ ಬಣ್ಣದ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮೇಲೆ ತೂಗುಹಾಕುತ್ತಾರೆ, ಹಾಗೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಅದನ್ನು ಇಳಿಸಲು ಎತ್ತರ ಬೇಕು. ಎತ್ತರ ಇದ್ದದ್ದು ಬಲ್ಬು ಅಂದವನಿಗೇ.

ನನಗೆ ತುಂಬಾ ಇಷ್ಟವಾದದ್ದು ಹಿಂಗಾರದ ಚೀಟಿ. ಅದರಲ್ಲಿ ಹೀಗೆ ಬರೆದಿದ್ದೆ: "ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ವಿಷು ನೋಡಿದವರ ಹತ್ತಿರ ಹೋಗಿ. ಅವರಿಗೆ ಚಿಕ್ಕವರಿದ್ದಾಗ ಕೈನೀಟ ಎಷ್ಟು ಸಿಗುತ್ತಿತ್ತು ಅಂತ ಕೇಳಿ. ಒಂದು ರೂಪಾಯಿ ಆಗಲು ಇನ್ನೆಷ್ಟು ಬೇಕೋ, ತುಳಸಿಕಟ್ಟೆಯಿಂದ ತೋಟದ ಕಡೆಗೆ ಅಷ್ಟು ಹೆಜ್ಜೆ. ಹೆಜ್ಜೆ ಹಾಕುವವರು ಎಲ್ಲರಿಗಿಂತ ಸಣ್ಣವರು."

ಕೈನೀಟ ಅಂದರೆ ವಿಷುವಿಗೆ ಹಿರಿಯರು ಕೊಡುವ ದುಡ್ಡು. ಮಕ್ಕಳು ಅಜ್ಜಿಯನ್ನು ಮುತ್ತಿಕೊಂಡರು. ಅಜ್ಜಿ ಹಲಸಿನ ಬೀಜ ಬಿಡಿಸುತ್ತಿದ್ದರು.

"ಎರಡಾಣೆ ಸಿಗ್ತಿತ್ತು ಮಕ್ಕಳೇ. ಅದೂ ನಮ್ಮಜ್ಜ ಒಬ್ಬರೇ ಕೊಡ್ತಿದ್ದದ್ದು."

"ಎರಡಾಣೆ ಅಂದ್ರೆ ಎಷ್ಟು ಅಜ್ಜೀ?"

ಅಲ್ಲಿಂದ ಶುರುವಾಯಿತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಹಳೆ ಪೈಸೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದಾಗ ಅಂಗಡಿಯಲ್ಲಿ ಲೆಕ್ಕ ಹಾಕಲಾಗದೆ ಜನ ಪರದಾಡಿದ್ದು. ಅದಕ್ಕೆ ಸ್ವಲ್ಪ ಮೊದಲು, 1956ರ ನವೆಂಬರ್ 1ಕ್ಕೆ, ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು. ಅಜ್ಜಿ ಮಲಗಿದ್ದ ಮನೆ ಅಲ್ಲೇ ಇತ್ತು, ರಾಜ್ಯ ಮಾತ್ರ ಬೇರೆಯಾಯಿತು. ಹತ್ತು ನಿಮಿಷ ಮಕ್ಕಳು ಆಟ ಮರೆತು ಕೂತರು. ನಾನು ಅವಸರ ಮಾಡಲಿಲ್ಲ. ಆಮೇಲೆ ಯಾರೋ "ಹದಿನಾಲ್ಕು!" ಅಂತ ಕೂಗಿದರು. ಆರು ವರ್ಷದವಳು ತುಳಸಿಕಟ್ಟೆಗೆ ಬೆನ್ನು ಕೊಟ್ಟು ನಿಂತಳು. ಒಂದೊಂದು ಹೆಜ್ಜೆಯನ್ನೂ ಜೋರಾಗಿ ಎಣಿಸುತ್ತಾ ಹೊರಟಳು. ಹಿಂದೆ ಹನ್ನೊಂದು ಜನ ಉಸಿರು ಬಿಗಿಹಿಡಿದು. ಹಿಂದಿನ ವರ್ಷ ಮೂಲೆಯಲ್ಲಿ ಕೂತಿದ್ದವಳು ಅವಳೇ. ಅವಳ ಹದಿನಾಲ್ಕನೇ ಹೆಜ್ಜೆ ಎಲ್ಲಿ ಬೀಳುತ್ತದೆ ಅಂತ ಹಿಂದಿನ ದಿನ ಸುಮ್ಮನೆ ಅಂಗಳದಲ್ಲಿ ನಡೆಸಿ ನೋಡಿಕೊಂಡಿದ್ದೆ. ಅಲ್ಲಿ ಬುಟ್ಟಿ ಕವುಚಿ ಹಾಕಿತ್ತು. ಅದರಡಿ ಹೊಂಬಾಳೆ ಬಿಡಿಸದ ಹಿಂಗಾರ.

ನೀರಿನ ಚೀಟಿ ಸುರಂಗದ ಕಡೆಗೆ. ನಮ್ಮ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಒಬ್ಬ ಮನುಷ್ಯ ಹೋಗುವಷ್ಟು ಅಗಲ ಕೊರೆದು ನೀರು ತರುತ್ತಾರೆ. ಒಳಗೆ ಒಸರುವ ನೀರು ಪಂಪಿಲ್ಲದೆ ತಾನಾಗಿ ಹರಿದು ಕೆಳಗಿನ ಟಾಂಕಿಗೆ ಬೀಳುತ್ತದೆ. ಒಳಗೆ ಚೀಟಿ ಇಟ್ಟರೆ ಮಜಾ ಇರುತ್ತದೆ ಅಂತ ಭಾವ ಹೇಳಿದರು. ನಾನು ಒಪ್ಪಲಿಲ್ಲ. ಸುರಂಗದೊಳಗೆ, ಬಾವಿಕಟ್ಟೆಯ ಮೇಲೆ, ಮರದ ಮೇಲೆ ಯಾವತ್ತೂ ಚೀಟಿ ಇಡುವುದಿಲ್ಲ, ಇದು ಬದಲಾಗದ ನಿಯಮ. ಟಾಂಕಿಯ ಹತ್ತಿರ ಮಾವ ಕುರ್ಚಿ ಹಾಕಿ ಕೂತಿರುತ್ತಾರೆ. ಸುರಂಗ ತೋಡಿದವರು ಒಳಗೆ ದೀಪ ಆರಿದರೆ ಯಾಕೆ ಹೊರಗೆ ಬರುತ್ತಿದ್ದರು ಅಂತ ಅವರು ಕೇಳುತ್ತಾರೆ. ಒಳಗೆ ಗಾಳಿ ಸಾಲುತ್ತಿಲ್ಲ ಅಂತ ಉತ್ತರ ಬಂದ ಮೇಲೆಯೇ ಗಿಂಡಿ ತುಂಬಿಸಲು ಬಿಡುವುದು.

ಮರದ ಮೇಲೆ ಬೇಡ ಅನ್ನುವುದಕ್ಕೆ ಕಾರಣ ಇದೆ. ಎರಡನೇ ವರ್ಷ ಮಾವಿನ ಮರದ ತಗ್ಗಿನ ಕೊಂಬೆಯಲ್ಲಿ ರಾತ್ರಿಯೇ ಚೀಟಿ ಸಿಕ್ಕಿಸಿದ್ದೆ. ಮರುದಿನ ಸಂಜೆ ಹುಡುಗ ಕೈ ಹಾಕಿದ. ಅಲ್ಲಿ ಚಗಳಿ ಇರುವೆ ಬಿಳಿ ನೂಲಿನಿಂದ ಎರಡು ಎಲೆಯನ್ನು ಹೊಲಿದು ಗೂಡು ಶುರು ಮಾಡಿತ್ತು. ಮೊಣಕೈ ತನಕ ಕಚ್ಚಿ ಕೆಂಪಾಯಿತು. ಅಂದಿನಿಂದ ಚೀಟಿ ಇಡುವುದು ಆಟಕ್ಕೆ ಅರ್ಧ ಗಂಟೆ ಮೊದಲು, ನಾನೇ ನಡೆದು, ಕೈಯಾಡಿಸಿ ನೋಡಿ. ಮಾವಿನ ಗೊಂಚಲು ಮತ್ತು ಕಕ್ಕೆ ಹೂವಿಗೆ ದೋಟಿ ಹಿಡಿಯುವುದು ದೊಡ್ಡವರೇ. ಮಕ್ಕಳು ಕೆಳಗೆ ಬೆಡ್‌ಶೀಟ್ ಹಿಡಿದು ನಿಲ್ಲುತ್ತಾರೆ.

ಇನ್ನೊಂದು ಸಂಗತಿ, ಮಳೆ. ವಿಷುವಿನ ಹೊತ್ತಿಗೆ ಸಂಜೆ ಗುಡುಗು ಮಳೆ ಬಂದರೆ ಕಾಗದ ಮುದ್ದೆ. ಈಗ ನಾನು ಬರೆಯುವುದು ಅಡಕೆ ಹಾಳೆಯ ಮೇಲೆ. ಒಣಗಿದ ಹಾಳೆಯ ಒಳಮೈ ನಯ ಇರುತ್ತದೆ, ಕತ್ತರಿಯಲ್ಲಿ ಅಂಗೈಯಗಲ ತುಂಡು ಮಾಡಿ ಮಾರ್ಕರಿನಲ್ಲಿ ಬರೆದರೆ ನೆನೆದರೂ ಅಕ್ಷರ ಹೋಗುವುದಿಲ್ಲ. ಓದಲು ಬಾರದವರಿಗೆ ಮೂಲೆಯಲ್ಲಿ ಒಂದು ಚಿತ್ರ. ಪ್ರತಿ ತುಂಡಿಗೂ ನಂಬರು, ಮತ್ತು ಎಲ್ಲದರ ಉತ್ತರ ನನ್ನ ನೋಟ್‌ಬುಕ್ಕಿನಲ್ಲಿ. ಒಂದು ಸಲ ದನ ಒಂದು ಚೀಟಿ ತಿಂದಾಗ ಆ ನೋಟ್‌ಬುಕ್ಕೇ ಆಟ ಉಳಿಸಿತು.

ಚಿಕ್ಕಜ್ಜನ ಪಾತ್ರ ಹೇಳದಿದ್ದರೆ ಅವರಿಗೆ ಬೇಜಾರಾದೀತು. ಅವರಿಗೆ ಯಕ್ಷಗಾನದ ಹುಚ್ಚು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮಿಂದ ದೂರವಿಲ್ಲ, ಆ ಹೆಮ್ಮೆ ಅವರ ಮಾತಿನಲ್ಲಿ ದಿನವೂ ಇರುತ್ತದೆ. ಗೇರುಹಣ್ಣಿನ ಚೀಟಿ ಅವರ ಚೆಂಡೆಯ ಚೀಲದಲ್ಲಿ. ಅವರು ಬಾರಿಸಿದ್ದನ್ನು ಮಕ್ಕಳು ಕೈ ತಟ್ಟಿ ಹಾಗೇ ತಿರುಗಿ ಹೇಳಬೇಕು. ಇದರಲ್ಲಿ ಯಾರಿಗೂ ಭಾಷೆ ಅಡ್ಡ ಬರುವುದಿಲ್ಲ.

ಬೇರೆ ರಜೆಗಳಲ್ಲೂ ಮಾಡಿದ್ದೇನೆ. ಓಣಂ ರಜೆಯಲ್ಲಿ ಹೂ ಹುಡುಕಾಟ ಸುಲಭ, ತುಂಬೆ ಹೂ ಸಿಕ್ಕಿದರೆ ಅರ್ಧ ಗೆದ್ದಂತೆ. ಕ್ರಿಸ್ಮಸ್ ರಜೆಯಲ್ಲಿ ನಾಲ್ಕು ಮನೆಯವರು ಸೇರಿ ಬೇಕಲ ಕೋಟೆಗೆ ಹೋದೆವು. ಅಲ್ಲಿ ಲೆಕ್ಕವೇ ಬೇರೆ. ಪುರಾತತ್ವ ಇಲಾಖೆಯ ಜಾಗ, ಏನನ್ನೂ ಅಡಗಿಸಬಾರದು, ಅಂಟಿಸಬಾರದು. ಹಾಗಾಗಿ ಕಣ್ಣಿನಲ್ಲೇ ಹುಡುಕುವ ಆಟ. ಮೆಟ್ಟಿಲಿರುವ ಕೆರೆ ಎಲ್ಲಿ, ಮದ್ದು ಗುಂಡು ಇಡುತ್ತಿದ್ದ ಕೋಣೆ ಯಾವುದು, ವೀಕ್ಷಣಾ ಗೋಪುರಕ್ಕೆ ಮೆಟ್ಟಿಲಿನ ಬದಲು ಇಳಿಜಾರು ದಾರಿ ಯಾಕೆ. ಈ ಕೋಟೆ ಕಟ್ಟಿಸಿದ ಶಿವಪ್ಪ ನಾಯಕ ಎಲ್ಲಿಯವನು ಅಂತ ಕೇಳಿದಾಗ ಮಕ್ಕಳೆಲ್ಲ ಅಪ್ಪಂದಿರ ಮುಖ ನೋಡಿದರು. ಒಬ್ಬರು ಮಾತ್ರ "ಕೆಳದಿ" ಅಂದರು. ಸುಮಾರು ನಲ್ವತ್ತು ಎಕರೆ ಜಾಗ ಅದು, ಆದ್ದರಿಂದ ಪ್ರತಿ ಗುಂಪಿಗೆ ಇಬ್ಬರು ದೊಡ್ಡವರು ಇರಲೇಬೇಕು. ಸಮುದ್ರದ ಕಡೆಯ ಗೋಡೆಯ ಹತ್ತಿರ ಪ್ರಶ್ನೆ ಇಡಬೇಡಿ. ಉತ್ತರ ನೋಡುವ ಭರದಲ್ಲಿ ಮಕ್ಕಳು ಬಗ್ಗುತ್ತಾರೆ.

ಆದರೂ ನನಗೆ ವಿಷುವಿನ ಆಟವೇ ಹೆಚ್ಚು. ಕೊನೆಯ ಚೀಟಿಯಲ್ಲಿ "ನನ್ನನ್ನು ಹುಡುಕಿ ಬಂದವರನ್ನೇ ನಾನು ತೋರಿಸುತ್ತೇನೆ" ಅಂತ ಇರುತ್ತದೆ. ಕನ್ನಡಿ ಪತ್ತಾಯದೊಳಗೆ, ಅಂದರೆ ಭತ್ತ ತುಂಬುವ ದೊಡ್ಡ ಮರದ ಪೆಟ್ಟಿಗೆಯೊಳಗೆ, ಅದರ ಪಕ್ಕ ಹಿಂದಿನ ವರ್ಷದ ಮಾಂಬಳದ (ಒಣಗಿಸಿದ ಮಾವಿನ ರಸದ) ಡಬ್ಬಿ. ಅದು ಎಲ್ಲರಿಗೂ ಸೇರಿ ಒಂದೇ. ತುಂಡು ಮಾಡಿ ಹಂಚುವುದು ಹೆಜ್ಜೆ ಹಾಕಿದವಳು.

ಹೋದ ವರ್ಷ ಅವಳು ಹೆಕ್ಕಿದ ಗೇರುಹಣ್ಣು ಓಡುವಾಗ ಕೈಯಿಂದ ಬಿದ್ದು ಒಂದು ಬದಿ ಜಜ್ಜಿತ್ತು. ಬೇರೆ ಒಳ್ಳೆಯದು ತರೋಣ ಅಂದರೆ ಅತ್ತೆ ಬೇಡ ಅಂದರು. ಬೆಳಗ್ಗೆ ಐದು ಗಂಟೆಗೆ ಅವಳಮ್ಮ ಕಣ್ಣು ಮುಚ್ಚಿ ಅವಳನ್ನು ದೇವರ ಕೋಣೆಗೆ ಕರೆದುಕೊಂಡು ಬಂದರು. ಕೈ ತೆಗೆದಾಗ ದೀಪ, ಚಿನ್ನ, ಹಳದಿ ಕಕ್ಕೆ ಹೂವಿನ ರಾಶಿ. ಅವಳು ಅದ್ಯಾವುದನ್ನೂ ನೋಡಲಿಲ್ಲ. ಕನ್ನಡಿಯ ಮುಂದೆ, ಜಜ್ಜಿದ ಬದಿ ಹಿಂದಕ್ಕೆ ಮಾಡಿ, ಅವಳ ಗೇರುಹಣ್ಣು ಕೂತಿತ್ತು. ಆದರೆ ಕನ್ನಡಿಯಲ್ಲಿ ಆ ಬದಿಯೂ ಕಾಣುತ್ತಿತ್ತು. "ನಂದೇ ಅದು," ಅಂತ ಪಿಸುಗುಟ್ಟಿ, ಅಜ್ಜಿಯ ಕಾಲಿಗೆ ಬಿದ್ದಳು.