ಗ್ವೆಂಟ್‌ನಲ್ಲಿ ‘ಪಾಸ್’ ಹೇಳಲು ಕಲಿತದ್ದು

ದಿ ವಿಚರ್ 3 ಎಂಬ ವಿಡಿಯೋ ಗೇಮ್ ಆಡುವವರಲ್ಲಿ ಎರಡು ಬಗೆ. ಅದರೊಳಗಿನ ಗ್ವೆಂಟ್ ಎಂಬ ಎಲೆಯಾಟಕ್ಕೆ ಯಾರಾದರೂ ಕರೆದರೆ ‘ಬೇಡ’ ಎಂದು ಒತ್ತಿ ಮುಂದೆ ಹೋಗುವವರು ಒಂದು ಬಗೆ. ಕಥೆಯನ್ನೇ ಪಕ್ಕಕ್ಕಿಟ್ಟು ಎಲೆ ಹಿಡಿದು ಕೂರುವವರು ಇನ್ನೊಂದು. ಮೊದಲ ಎರಡು ವಾರ ನಾನು ಮೊದಲನೇ ಬಗೆಯವನಾಗಿದ್ದೆ. ಆಮೇಲೆ ಎಷ್ಟೋ ರಾತ್ರಿ, ಮಗಳು ಮಲಗಿದ ಮೇಲೆ ಸಿಗುವ ಒಂದೂವರೆ ಗಂಟೆಯಲ್ಲಿ, ಕಥಾನಾಯಕ ಗೆರಾಲ್ಟ್‌ನ ಕತ್ತಿಯನ್ನು ಒರೆಯಿಂದ ಹೊರಗೇ ತೆಗೆಯದೆ ಮಲಗಿದ್ದೇನೆ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರ ಮೇ ತಿಂಗಳಲ್ಲಿ ಈ ಆಟವನ್ನು ಬಿಡುಗಡೆ ಮಾಡಿತು. ಇದರ ಹಿಂದಿನ ಎರಡು ವಿಚರ್ ಆಟಗಳಲ್ಲಿ ಹೊತ್ತು ಕಳೆಯಲು ದಾಳದ ಪೋಕರ್ ಇತ್ತು. ಮೂರನೆಯದಕ್ಕೆ ಬಂದಾಗ ದಾಳ ಹೋಗಿ ಎಲೆಯಾಟ ಬಂತು. ಅದೇ ಗ್ವೆಂಟ್. ದೊಡ್ಡ ಆಟದೊಳಗಿನ ಪುಟ್ಟ ಆಟ ಅನ್ನುವುದು ಹೆಸರಿಗೆ ಮಾತ್ರ. ಇದರಲ್ಲಿ ಅದೆಷ್ಟು ಆಳ ಇದೆ ಎಂದರೆ, 2018ರಲ್ಲಿ ಇದನ್ನೇ ಬೇರೆ ಆಟವಾಗಿಯೂ ಹೊರತಂದರು. ಅಲ್ಲಿ ನಿಯಮಗಳು ಬಹಳ ಬದಲಾಗಿವೆ. ನಾನು ಬರೆಯುತ್ತಿರುವುದು ವಿಚರ್ 3ರ ಒಳಗಿನ ಹಳೇ ಗ್ವೆಂಟ್ ಬಗ್ಗೆ.

ವೈಟ್ ಆರ್ಚರ್ಡ್ ಎಂಬ ಮೊದಲ ಊರಿನ ಹೆಂಡದಂಗಡಿಯಲ್ಲಿ ಒಬ್ಬ ವಿದ್ವಾಂಸ ಕೂತಿರುತ್ತಾನೆ. ಆಟ ಹೇಳಿಕೊಡುವವನು ಅವನೇ. ಹೇಳಿಕೊಟ್ಟ ಕೈಯಲ್ಲೇ ನನ್ನನ್ನು ಸೋಲಿಸಿದ. ಮತ್ತೆ ಕೂತೆ, ಮತ್ತೆ ಸೋತೆ. ಮೂರನೇ ಸಲ ಬೇಜಾರಾಗಿ ಎದ್ದು ಹೋದೆ.

ನಿಯಮ ಕಷ್ಟದ್ದಲ್ಲ. ಇಬ್ಬರಿಗೂ ತಲಾ 10 ಎಲೆ. ಶುರುವಿನಲ್ಲಿ ಬೇಡದ ಎರಡನ್ನು ಬದಲಾಯಿಸಿಕೊಳ್ಳಬಹುದು. ಮುಂದೆ ಮೂರು ಸಾಲು: ಕತ್ತಿ ಹಿಡಿದು ಎದುರುಬದುರು ಕಾದುವವರದು ಒಂದು, ಬಿಲ್ಲುಗಾರರದು ಒಂದು, ಕೋಟೆ ಒಡೆಯುವ ಯಂತ್ರಗಳದು ಒಂದು. ಸರದಿಗೆ ಒಂದೇ ಎಲೆ. ಈ ಸುತ್ತಿಗೆ ಇಷ್ಟು ಸಾಕು ಅನಿಸಿದರೆ ‘ಪಾಸ್’ ಹೇಳಿ, ಉಳಿದ ಎಲೆಗಳನ್ನು ಮುಂದಿನ ಸುತ್ತಿಗೆ ಇಟ್ಟುಕೊಳ್ಳಬಹುದು. ಪ್ರತಿ ಎಲೆಗೂ ಒಂದು ಬಲ, ಸುತ್ತಿನ ಕೊನೆಗೆ ಯಾರ ಕಡೆ ಒಟ್ಟು ಹೆಚ್ಚೋ ಅವರಿಗೆ ಸುತ್ತು. ಮೂರರಲ್ಲಿ ಎರಡು ಗೆದ್ದವರಿಗೆ ಆಟ. ಇಲ್ಲಿಯವರೆಗೆ ಯಾರಿಗಾದರೂ ಅರ್ಥವಾಗುತ್ತದೆ. ನನಗೆ ತಲೆಗೆ ಇಳಿಯದೇ ಇದ್ದದ್ದು ಇನ್ನೊಂದು ನಿಯಮ. ಎರಡನೇ ಸುತ್ತಿಗೆ, ಮೂರನೇ ಸುತ್ತಿಗೆ ಯಾರೂ ಹೊಸದಾಗಿ ಎಲೆ ಹಂಚುವುದಿಲ್ಲ. ಮೊದಲು ಸಿಕ್ಕ ಹತ್ತರಲ್ಲೇ ಮೂರೂ ಸುತ್ತು ಮುಗಿಸಬೇಕು.

ಇದು ನನಗೆ ಯಾಕೆ ಇಳಿಯಲಿಲ್ಲ ಎಂದು ಆಮೇಲೆ ಯೋಚಿಸಿದ್ದೇನೆ. ನಮ್ಮದು ಸಾಗರದ ಕಡೆ. ಮದುವೆ ಮನೆಯ ರಾತ್ರಿಗಳಲ್ಲಿ ಜಮಖಾನೆ ಮೇಲೆ ದೊಡ್ಡವರ ಬೆನ್ನ ಹಿಂದೆ ಕೂತು ನಾನು ಕಲಿತದ್ದು ಇಪ್ಪತ್ತೆಂಟು. ಅದರಲ್ಲಿ ಎಂಟು ಎಲೆ ಹಂಚಿದರೆ ಎಂಟೂ ಬಿದ್ದೇ ಬೀಳುತ್ತವೆ. ಯಾವಾಗ ಗುಲಾಮ ಹಾಕಬೇಕು, ಯಾವಾಗ ತುರುಫು ಕೇಳಬೇಕು ಅನ್ನುವುದರಲ್ಲಿ ಜಾಣತನ ಇದೆ ನಿಜ, ಆದರೆ ಕೈಯಲ್ಲಿ ಎಲೆ ಉಳಿಸಿಕೊಂಡು ಎದ್ದು ಹೋಗುವ ಮಾತೇ ಅಲ್ಲಿಲ್ಲ. ಅದೇ ಅಭ್ಯಾಸದಲ್ಲಿ ಗ್ವೆಂಟ್‌ಗೂ ಕೂತಿದ್ದೆ. ಅವನು 20 ಮಾಡಿದರೆ ನಾನು 26 ಮಾಡಬೇಕು, ಅವನು 30ಕ್ಕೆ ಹೋದರೆ ನಾನು 38ಕ್ಕೆ. ಮೊದಲ ಸುತ್ತು ಗೆಲ್ಲುತ್ತಿದ್ದೆ. ಉಳಿದೆರಡರಲ್ಲಿ ಹಾಕಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ಕಣ್ಣು ತೆರೆಸಿದವಳು ನನ್ನ ಹೆಂಡತಿ. ಅವಳಿಗೆ ವಿಡಿಯೋ ಗೇಮ್ ಆಸಕ್ತಿ ಇಲ್ಲ. ಪಕ್ಕದಲ್ಲಿ ಬಟ್ಟೆ ಮಡಿಸುತ್ತಾ ಕೂತಿದ್ದಳು.

‘ರೀ, ಆ ಎಡಗಡೆ ಹೆಸರಿನ ಹತ್ರ ಆರು ಅಂತ ಇದೆಯಲ್ಲ, ಏನದು?’

‘ಅವನ ಕೈಲಿ ಉಳಿದಿರೋ ಎಲೆ ಕಣೇ.’

‘ಕೆಳಗೆ ಎರಡು ಅಂತ ಇರೋದು ನಿಮ್ದಾ?’

‘ಹೂಂ.’

‘ಮತ್ತೆ ಗೆದ್ದೆ ಅಂದ್ರಲ್ಲ?’

ಪರದೆಯಲ್ಲಿ 41 – 33 ಎಂದಿತ್ತು. ಮೊದಲ ಸುತ್ತು ನನ್ನದಾಗಿತ್ತು. ಅವಳು ಮತ್ತೇನೂ ಹೇಳದೆ ಬಟ್ಟೆ ಒಳಗಿಡಲು ಹೋದಳು. ನಾನು ಮಾತ್ರ ಆ ಸಣ್ಣ ಅಂಕಿಯನ್ನು ನೋಡುತ್ತಾ ಕೂತುಬಿಟ್ಟೆ. ಅಷ್ಟು ದಿನ ಪರದೆಯ ನಡುವೆ ಬೀಳುವ ಎಲೆಗಳನ್ನು, ದೊಡ್ಡ ಒಟ್ಟು ಮೊತ್ತವನ್ನು ನೋಡಿದ್ದೆನೇ ಹೊರತು ಹೆಸರಿನ ಪಕ್ಕದ ಆ ಎಣಿಕೆಯ ಮೇಲೆ ಕಣ್ಣು ಹಾಯಿಸಿರಲಿಲ್ಲ. ಎರಡು ಎಲೆ ಇಟ್ಟುಕೊಂಡು ಆರು ಎಲೆಯವನ ಮುಂದೆ ಇನ್ನೊಂದು ಸುತ್ತು ಗೆಲ್ಲುವುದು ಹೇಗೆ?

ಮರುದಿನದಿಂದ ಮಗಳ ಹಳೇ ರಫ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡಲು ಶುರು ಮಾಡಿದೆ. ಪ್ರತಿ ಆಟಕ್ಕೂ ಒಂದೇ ಸಾಲು: ಮೊದಲ ಸುತ್ತು ಮುಗಿದಾಗ ನನ್ನ ಕೈಯಲ್ಲಿ ಎಷ್ಟು, ಅವನ ಕೈಯಲ್ಲಿ ಎಷ್ಟು, ಕೊನೆಗೆ ಗೆದ್ದವರು ಯಾರು. ಒಂದು ವಾರದಲ್ಲೇ ವಿಷಯ ಎದ್ದು ಕಂಡಿತು. ಸೋತ ಆಟಗಳಲ್ಲಿ ಬಹುಪಾಲು ಮೊದಲ ಸುತ್ತು ನಾನೇ ಗೆದ್ದವು. ಗೆದ್ದ ಆಟಗಳಲ್ಲಿ ಹೆಚ್ಚಿನವು, ಮೊದಲ ಸುತ್ತು ಸೋತರೂ ಕೈಯಲ್ಲಿ ಅವನಿಗಿಂತ ಎರಡಾದರೂ ಎಲೆ ಹೆಚ್ಚಿದ್ದವು. ಮೊದಲ ಸುತ್ತನ್ನು ಗೆಲ್ಲುವುದಕ್ಕಲ್ಲ, ಎದುರಾಳಿಯ ಎಲೆ ಖರ್ಚು ಮಾಡಿಸುವುದಕ್ಕೆ ಆಡಬೇಕು.

ಕಟ್ಟು, ಅಂದರೆ ಕೈಗೆ ಹತ್ತು ಎಲೆ ಬರುವ ನಮ್ಮ ಇಡೀ ಎಲೆರಾಶಿ, ಅದನ್ನು ತಿದ್ದುವ ಕೆಲಸ ಅದಾದ ಮೇಲೆ ತಾನಾಗಿ ಬಂತು. ಕಟ್ಟಿನಲ್ಲಿ ಕನಿಷ್ಠ 22 ಯೋಧರ ಎಲೆ ಇರಬೇಕು, ವಿಶೇಷ ಎಲೆಗಳು 10ನ್ನು ದಾಟಬಾರದು. ನಾನು ಗೆದ್ದದ್ದು, ಕೊಂಡದ್ದು ಎಲ್ಲವನ್ನೂ ತುಂಬಿಸಿಟ್ಟಿದ್ದೆ. ಹಾಗಾಗಿ ಕೈಗೆ ಬರುವ ಹತ್ತರಲ್ಲಿ ಮೂರು ನಾಲ್ಕು ಎಲೆ 1 ಬಲದ ಕಾಲಾಳುಗಳೇ. ಇಪ್ಪತ್ತೆರಡಕ್ಕೆ ಇಳಿಸಿದ ದಿನವೇ ಫರಕು ಗೊತ್ತಾಯಿತು. ಹೊಸ ಎಲೆ ಸಿಕ್ಕಾಗೆಲ್ಲ ಒಂದು ಹಳೆಯದನ್ನು ತೆಗೆದೇ ಅದನ್ನು ಸೇರಿಸುವುದು ಅಂದಿನಿಂದ ನನ್ನ ರೂಢಿ.

ಗೂಢಚಾರರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸಬರು ದೂರ ಇಡುವುದು ಅವರನ್ನೇ. ಈ ಎಲೆಯನ್ನು ನಮ್ಮ ಕಡೆ ಇಡುವ ಹಾಗಿಲ್ಲ, ಎದುರಾಳಿಯ ಸಾಲಿಗೆ ಇಡಬೇಕು. ಅದರ ಬಲ ಅವನ ಮೊತ್ತಕ್ಕೆ ಸೇರುತ್ತದೆ. ಅದಕ್ಕೆ ಬದಲಾಗಿ ನಮಗೆ ಕಟ್ಟಿನಿಂದ ಎರಡು ಹೊಸ ಎಲೆ. ನಾನೂ ಮೊದಲಿಗೆ, ವೈರಿಗೆ ಯಾಕೆ ನಾನೇ 5 ಅಂಕ ಕೊಡಲಿ ಎಂದು ಪ್ರಿನ್ಸ್ ಸ್ಟೆನ್ನಿಸ್‌ನನ್ನು ಕಟ್ಟಿನಿಂದ ತೆಗೆದು ಹಾಕಿದ್ದೆ. ಎಲೆಯ ಎಣಿಕೆಯೇ ಮುಖ್ಯ ಎಂದು ಗೊತ್ತಾದ ಮೇಲೆ ಅವನನ್ನು ವಾಪಸ್ ಕರೆದೆ. ಕ್ರೋಸ್ ಪರ್ಚ್ ಕೋಟೆಯ ಬ್ಯಾರನ್‌ನನ್ನು ಗೆದ್ದು ಸಿಗಿಸ್ಮಂಡ್ ಡೈಕ್‌ಸ್ಟ್ರಾ ಎಂಬ 4 ಬಲದ ಗೂಢಚಾರನನ್ನೂ ಸಂಪಾದಿಸಿದೆ. ಬ್ಯಾರನ್‌ನ ಸಂಸಾರದ ಕಥೆ ಕರುಳು ಹಿಂಡುವಂಥದ್ದು. ಆ ದುಃಖದ ನಡುವೆಯೂ ಅವನು ಎಲೆಯಾಟಕ್ಕೆ ಕೂರುತ್ತಾನೆ.

ನೊವಿಗ್ರಾಡ್‌ನಲ್ಲಿ ಒಬ್ಬ ವ್ಯಾಪಾರಿಯ ಜೊತೆ ಆಡಿದ ಒಂದು ಆಟ ಎಲೆ ಎಲೆಯಾಗಿ ನೆನಪಿದೆ, ಪುಸ್ತಕದಲ್ಲೂ ಪೂರ್ತಿ ಬರೆದಿದ್ದೇನೆ. ಕಟ್ಟುಗಳು ಬೇರೆ ಬೇರೆ ಪಕ್ಷದವು. ನನ್ನದು ನಾರ್ದರ್ನ್ ರೆಲ್ಮ್ಸ್ ಕಟ್ಟು, ಅವನದು ಮಾನ್‌ಸ್ಟರ್ಸ್. ಮೊದಲ ಎಲೆಯಾಗಿ ಸ್ಟೆನ್ನಿಸ್‌ನನ್ನು ಅವನ ಕಡೆ ಇಟ್ಟೆ. ಅವನಿಗೆ 5, ನನಗೆ ಎರಡು ಎಲೆ. ಅವನು ಒಂದು ನೆಕ್ಕರ್ ಹಾಕಿದ. ಕಟ್ಟಿನಲ್ಲಿದ್ದ ಇನ್ನೆರಡು ನೆಕ್ಕರ್ ಜೊತೆಗೇ ಓಡಿ ಬಂದವು, ಒಟ್ಟು 11. ನಾನು ಡೈಕ್‌ಸ್ಟ್ರಾನನ್ನೂ ಅತ್ತ ಕಳಿಸಿದೆ, 15. ಅವನು ಗೂಲ್‌ಗಳ ಹಿಂಡು ಇಳಿಸಿದ, 18. ನಾನು ಸೀಜ್ ಟವರ್ ಇಟ್ಟೆ, ನನ್ನ ಕಡೆ 6. ಅವನು ಫೀಂಡ್ ಹಾಕಿ 24 ಮಾಡಿದ. ಆಗ ಎಡಗಡೆಯ ಅಂಕಿ ನೋಡಿದೆ. ಅವನ ಕೈಯಲ್ಲಿ 7, ನನ್ನ ಕೈಯಲ್ಲಿ 11. ಪಾಸ್ ಒತ್ತಿದೆ. 24ಕ್ಕೆ 6ರಂತೆ ಸುತ್ತು ಹೋಯಿತು. ಬೇಕೆಂದೇ ಒಂದು ಸುತ್ತನ್ನು ಬಿಟ್ಟುಕೊಟ್ಟದ್ದು ಅದೇ ಮೊದಲು, ಎದೆ ಹೊಡೆದುಕೊಳ್ಳುತ್ತಿತ್ತು.

ಎರಡನೇ ಸುತ್ತು ಸೋತರೆ ಆಟವೇ ಮುಗಿಯಿತು. ಮಾನ್‌ಸ್ಟರ್ಸ್ ಕಟ್ಟಿಗೆ ಒಂದು ವರ ಇದೆ, ಸುತ್ತು ಮುಗಿದರೂ ಒಂದು ಎಲೆ ಅಂಗಳದಲ್ಲೇ ಉಳಿಯುತ್ತದೆ. ಫೀಂಡ್ ಉಳಿಯಿತು. ಅವನು ಫ್ರೈಟ್‌ನರ್ ಸೇರಿಸಿ 11 ಮಾಡಿದ. ನಾನು ಒಂದು ಕವಣೆಯಂತ್ರ ಇಟ್ಟೆ, 8. ಅವನು ಗ್ರಿಫಿನ್ ಹಾಕಿದ, 16. ನಾನು ಎರಡನೇ ಕವಣೆಯಂತ್ರ ಇಟ್ಟೆ. ಅವೆರಡೂ ಜೋಡಿಯೆಲೆಗಳು, ಪಕ್ಕಪಕ್ಕ ಬಂದರೆ ಎರಡರ ಬಲವೂ ಇಮ್ಮಡಿ. ತಲಾ 16ರಂತೆ 32 ಆಯಿತು. ಅವನು ವೇರ್‌ವುಲ್ಫ್ ತಂದು 21ಕ್ಕೆ ಏರಿದ. ಅವನು ಇಟ್ಟದ್ದೆಲ್ಲ ಮುಂದಿನ ಸಾಲಿನಲ್ಲೇ ಇತ್ತು. ನನ್ನದೆಲ್ಲ ಹಿಂದಿನ ಯಂತ್ರಗಳ ಸಾಲಿನಲ್ಲಿ. ಕೊರೆಯುವ ಹಿಮದ ಎಲೆ ಹಾಕಿದೆ. ಮುಂದಿನ ಸಾಲಿನ ಪ್ರತಿಯೊಂದರ ಬಲವೂ 1ಕ್ಕೆ ಇಳಿಯಿತು. 21 ಇದ್ದದ್ದು 4 ಆಯಿತು. ಅವನು ಅರ್ತ್ ಎಲಿಮೆಂಟಲ್ ಎಂಬುದನ್ನು ಯಂತ್ರಗಳ ಸಾಲಿಗೆ ತಂದ, 10. ನಾನು ಗೂಢಚಾರರು ತಂದುಕೊಟ್ಟಿದ್ದ ಟ್ರೆಬುಶೆಟ್ ಇಟ್ಟು 38 ಮಾಡಿದೆ. ಅವನು ಪಾಸ್ ಹೇಳಿದ.

ಅವನ ಕೈಯಲ್ಲಿ 3 ಉಳಿದವು. ನನ್ನಲ್ಲಿ 7, ಸುತ್ತು ಗೆದ್ದದ್ದಕ್ಕೆ ನಾರ್ದರ್ನ್ ರೆಲ್ಮ್ಸ್‌ಗೆ ಸಿಗುವ ಒಂದು ಸೇರಿ 8. ಎಂಟು ಎಲೆಯ ಎದುರು ಮೂರು ಎಲೆ ಎಷ್ಟು ಹೊತ್ತು ನಿಲ್ಲುತ್ತದೆ? ಮೂರನೇ ಸುತ್ತಿಗೆ ಹಿಮ ಕರಗಿತ್ತು, ಬ್ಲೂ ಸ್ಟ್ರೈಪ್ಸ್ ಕಮಾಂಡೋ ಜೋಡಿಯನ್ನು ನಿಶ್ಚಿಂತೆಯಿಂದ ಇಳಿಸಿದೆ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳುವಂತೆ ‘ಎಂಟು, ಮೂರು!’ ಎಂದು ಕೂಗಿದೆ. ‘ಮಗು ಏಳುತ್ತೆ, ಮೆತ್ತಗೆ’ ಎಂದಳು.

ಗೂಢಚಾರರ ಬಗ್ಗೆ ಒಂದು ಮಾತು ಬಾಕಿ ಉಳಿಯಿತು. ಸ್ಟೆನ್ನಿಸ್, ಡೈಕ್‌ಸ್ಟ್ರಾ ಇಬ್ಬರೂ ಕೂರುವುದು ಮುಂದಿನ ಸಾಲಿನಲ್ಲಿ. ಅದೇ ಸುತ್ತಿನಲ್ಲಿ ಹಿಮ ಸುರಿಸಿದರೆ ನಾವು ದಾನ ಕೊಟ್ಟ 9 ಅಂಕ 2ಕ್ಕೆ ಇಳಿಯುತ್ತದೆ, ಬಂದ ನಾಲ್ಕು ಎಲೆ ನಮ್ಮಲ್ಲೇ ಇರುತ್ತದೆ. ಇದನ್ನು ಕಂಡುಕೊಂಡ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹಿಮದ ಎಲೆ ಒಂದೇ ಸಾಕು ಎಂದಿದ್ದವನು ಎರಡು ಸೇರಿಸಿದೆ.

ತಪ್ಪುಗಳು ಆಮೇಲೂ ಆದವು. ದೊಡ್ಡದೆಂದರೆ ಸ್ಕಾರ್ಚ್ ಎಲೆಯದು. ಅಂಗಳದಲ್ಲಿ ಎಲ್ಲಕ್ಕಿಂತ ಬಲವಾದ ಎಲೆಯನ್ನು ಅದು ಸುಡುತ್ತದೆ. ಎದುರಾಳಿಯದು ಎಂದು ನಾನು ಓದಿಕೊಂಡಿದ್ದೆ. ಅವನ ಕಡೆ 10 ಬಲದ ಒಂದು ಎಲೆ ಇತ್ತು, ಸುಟ್ಟೇಬಿಡೋಣ ಎಂದು ಒತ್ತಿದೆ. ಸುಟ್ಟು ಹೋದದ್ದು ನನ್ನವೇ ಎರಡು ಕವಣೆಯಂತ್ರ, ತಲಾ 16 ಇದ್ದದ್ದು. ಯಾರ ಕಡೆಯದು ಎಂದು ಆ ಬೆಂಕಿ ನೋಡುವುದಿಲ್ಲ. ಸಮಬಲದವು ಎಷ್ಟಿದ್ದರೂ ಒಟ್ಟಿಗೇ ಹೋಗುತ್ತವೆ, ವೀರರ ಎಲೆಗಳನ್ನು ಮಾತ್ರ ಮುಟ್ಟುವುದಿಲ್ಲ. ಅಂದಿನಿಂದ ಸ್ಕಾರ್ಚ್ ಹಾಕುವ ಮೊದಲು ನನ್ನ ಸಾಲುಗಳ ಮೇಲೆ ಒಮ್ಮೆ ಬೆರಳಾಡಿಸಿಯೇ ಒತ್ತುತ್ತೇನೆ.

ನಿಲ್ಫ್‌ಗಾರ್ಡ್ ಕಟ್ಟಿನವರು ನನ್ನನ್ನು ಬಹಳ ದಿನ ಕಾಡಿದರು. ಅಂಕ ಸಮ ಬಂದರೆ ಸುತ್ತು ಅವರದು, ಗೂಢಚಾರರೂ ಅವರಲ್ಲಿ ಧಾರಾಳ. ಅದಕ್ಕೆ ಮದ್ದು ಡಿಕಾಯ್, ಹುಲ್ಲಿನ ಬೊಂಬೆಯಂಥ ಒಂದು ಎಲೆ. ನಮ್ಮ ಕಡೆ ಇರುವ ಯಾವ ಸಾಮಾನ್ಯ ಎಲೆಯನ್ನಾದರೂ ಅದು ಕೈಗೆ ವಾಪಸ್ ತಂದುಕೊಡುತ್ತದೆ. ಒಮ್ಮೆ ಅಂಥ ಎದುರಾಳಿ ಸ್ಟೀಫನ್ ಸ್ಕೆಲೆನ್ ಎಂಬ 9 ಬಲದ ಗೂಢಚಾರನನ್ನು ನನ್ನ ಸಾಲಿಗೆ ತಂದಿಟ್ಟು ಎರಡು ಎಲೆ ಎಳೆದುಕೊಂಡ. ನಾನು ಬೊಂಬೆ ಇಟ್ಟು ಸ್ಕೆಲೆನ್‌ನನ್ನು ಎತ್ತಿಕೊಂಡು, ಮುಂದಿನ ಸರದಿಗೆ ಅವನ ಸಾಲಿಗೇ ಇಟ್ಟು ನಾನೂ ಎರಡು ಎಳೆದೆ. ಬೊಂಬೆಯೆಲೆಗಳನ್ನು ಎಲ್ಲಿ ಕಂಡರೂ ಬಿಡಬೇಡಿ, ಹೆಂಡದಂಗಡಿಯವರ ಹತ್ತಿರ ಮಾರಾಟಕ್ಕೂ ಸಿಗುತ್ತವೆ.

ಎಲೆ ಕೂಡಿಸುವವರಿಗೆ ಒಂದು ಎಚ್ಚರಿಕೆ. ವ್ಯಾಪಾರಿಗಳು, ಕಮ್ಮಾರರು ಎಲ್ಲೂ ಓಡಿ ಹೋಗುವುದಿಲ್ಲ, ಯಾವಾಗಲಾದರೂ ಆಡಿ ಗೆಲ್ಲಬಹುದು. ಆದರೆ ಕಥೆಯ ಮಾಂತ್ರಿಕೆ ಟ್ರಿಸ್ ಜೊತೆ ಮುಖವಾಡದ ಔತಣಕ್ಕೆ ಹೋಗುವ ಘಟ್ಟದಲ್ಲಿ, ಆ ಮನೆಯ ಅಂಗಳದಲ್ಲೇ ಒಂದು ಗ್ವೆಂಟ್ ಪಂದ್ಯ ನಡೆಯುತ್ತಿರುತ್ತದೆ. ನಾನು ಕಥೆಯ ಗುಂಗಿನಲ್ಲಿ ಮುಂದೆ ನಡೆದುಬಿಟ್ಟೆ. ಡ್ಯಾಂಡೆಲಿಯನ್‌ನ ಎಲೆ ಅಲ್ಲಿಯೇ ಗೆಲ್ಲಬೇಕಾದದ್ದು. ಮುಂದಿನ ಸಾಲಿನ ಎಲ್ಲರ ಬಲವನ್ನೂ ಇಮ್ಮಡಿ ಮಾಡುವ ಎಲೆ ಅದು. ಹಿಂದಿನ ಸೇವ್‌ಗೆ ಹೋಗಿ ಎರಡು ರಾತ್ರಿಯ ಆಟವನ್ನು ಮತ್ತೆ ಆಡಿದೆ. ನೊವಿಗ್ರಾಡ್‌ನ ಪ್ಯಾಸಿಫ್ಲೋರಾದ ದೊಡ್ಡ ಪಂದ್ಯಕ್ಕಂತೂ ಪ್ರವೇಶಕ್ಕೇ 1000 ಕ್ರೌನ್, ಒಂದು ಆಟ ಸೋತರೂ ಮನೆಗೆ. ಮೂರು ಗೂಢಚಾರರು, ಮೂರು ಬೊಂಬೆ ಕೂಡುವವರೆಗೆ ನಾನು ಅತ್ತ ತಲೆ ಹಾಕಲಿಲ್ಲ. ಹೋದ ದಿನ ಒಂದೇ ಪ್ರಯತ್ನದಲ್ಲಿ ಗೆದ್ದೆ.

ಈಗ 2016ರಲ್ಲಿ ಬ್ಲಡ್ ಅಂಡ್ ವೈನ್ ಎಂಬ ಹೆಚ್ಚುವರಿ ಕಥಾಭಾಗದ ಜೊತೆ ಬಂದ ಸ್ಕೆಲಿಗ ಕಟ್ಟಿನಲ್ಲಿದ್ದೇನೆ. ಅದರಲ್ಲಿ ಮೂರನೇ ಸುತ್ತಿಗೆ ಹೋದರೆ, ಸತ್ತು ಬಿದ್ದ ಎಲೆಗಳಲ್ಲಿ ಯಾವುದಾದರೂ ಎರಡು ಎದ್ದು ಬರುತ್ತವೆ. ಅಂದರೆ ಮೊದಲ ಸುತ್ತಿನಲ್ಲಿ ಬರೀ ಪುಡಿ ಎಲೆ ಖರ್ಚು ಮಾಡುವ ನನ್ನ ರೂಢಿ ಇಲ್ಲಿ ನಡೆಯದು. ಪುಡಿ ಎಲೆ ಬಿದ್ದಿದ್ದರೆ ಎದ್ದು ಬರುವುದೂ ಪುಡಿ ಎಲೆಯೇ. ರಫ್ ಪುಸ್ತಕದಲ್ಲಿ ಇನ್ನೊಂದು ಅಂಕಣ ಎಳೆದಿದ್ದೇನೆ, ಯಾವ ಎಲೆ ಯಾವ ಸುತ್ತಿನಲ್ಲಿ ಬಿತ್ತು ಎಂದು. ಸದ್ಯಕ್ಕೆ ಅದರಲ್ಲಿ ಸೋಲುಗಳೇ ಹೆಚ್ಚಿವೆ.