ಚೌಕಕಣ್ಣಿನ ಬಲೆ ನಷ್ಟವಲ್ಲ: ಮಲ್ಪೆಯಲ್ಲಿ ಅಳೆದು ತೋರಿಸಿದ್ದು

ಟ್ರಾಲ್ ಬಲೆಯ ತುದಿಗೆ, ಮೀನು ಬಂದು ಸೇರುವಲ್ಲಿ, 35 ಎಂ.ಎಂ. ಚೌಕಕಣ್ಣಿನ ಚೀಲ ಕಟ್ಟಿದರೆ ಬೋಟು ಮಾರಬೇಕಾದೀತು ಎನ್ನುತ್ತಿದ್ದವರೇ ಈ ಸಲದ ಮಳೆಗಾಲದ ರಜೆಯಲ್ಲಿ ನಮ್ಮ ಬಲೆ ನೋಡಲು ದಕ್ಕೆಗೆ (ಬೋಟು ನಿಲ್ಲುವ ಕಟ್ಟೆಗೆ) ಬಂದರು. ಅದಕ್ಕೇ ಬರೆಯುತ್ತಿದ್ದೇನೆ. ಮಾಮೂಲಿ ಬಲೆಯ ಡೈಮಂಡ್ (ವಜ್ರಾಕಾರದ) ಕಣ್ಣು ಎಳೆತಕ್ಕೆ ಮುಚ್ಚಿಕೊಂಡು ಮರಿಗಳನ್ನೂ ಹಿಡಿದಿಡುತ್ತದೆ, ಚೌಕಕಣ್ಣು ತೆರೆದೇ ಇದ್ದು ಮರಿಗಳನ್ನು ಬಿಡುತ್ತದೆ.

ನಮ್ಮದು ಆಳಸಮುದ್ರದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟು. ಒಂದು ಟ್ರಿಪ್ಪಿಗೆ ಡೀಸೆಲ್ಲೇ 5 ಲಕ್ಷದ ಹತ್ತಿರ. ಅಷ್ಟು ಸುಟ್ಟು ತಂದ ಮಾಲಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಫಿಶ್‌ಮೀಲಿನವರಿಗೆ (ಮೀನಿನ ಪುಡಿ ಮಾಡುವವರಿಗೆ) ಹೋಗುತ್ತಿತ್ತು, ಕಿಲೋಗೆ 20 ರೂಪಾಯಿ ಆಸುಪಾಸು. ಅದರಲ್ಲಿ ಬಹುಪಾಲು ಮದ್ಮಲ್ (ಪಿಂಕ್ ಪರ್ಚ್), ಬೊಂಡಾಸ್ (ಸ್ಕ್ವಿಡ್), ಪಾಂಬೋಳಿನ (ರಿಬ್ಬನ್ ಮೀನಿನ) ಮರಿಗಳೇ.

ಮೊದಲ ಚೀಲ ಕೆಟ್ಟಿತು. ಮಾಮೂಲಿ ಗಂಟಿನ ಎಚ್‌ಡಿಪಿಇ (ಪ್ಲಾಸ್ಟಿಕ್ ನೂಲಿನ) ಬಲೆಯನ್ನೇ ಓರೆಯಾಗಿ ಕತ್ತರಿಸಿ ಹೊಲಿಸಿದ್ದೆವು. ಎರಡು ಮೂರು ಟ್ರಿಪ್ಪಿನಲ್ಲಿ ಗಂಟು ಜಾರಿ ಒಂದು ಕಣ್ಣು 35, ಪಕ್ಕದ್ದು 50 ಆಯಿತು. ಒಳ್ಳೆಯ ಬಂಗುಡೆ ಬಿದ್ದ ದಿನವೇ ಹೊಲಿಗೆ ಬಿಟ್ಟುಕೊಂಡು 60-70 ಸಾವಿರದ ಮಾಲು ನೀರಿಗೆ ಹೋಯಿತು. ಬಲೆ ಕೊಟ್ಟವರು ಜವಾಬ್ದಾರಿ ಹೊರಲಿಲ್ಲ. "ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಇರಲಿ ಮಾರಾಯ್ರೆ, ನನಗೆ ಪಾಲು ಬೇಕು" ಎಂದು ತಾಂಡೇಲರು (ಬೋಟು ನಡೆಸುವವರು) ಹಳೆಯ ಚೀಲ ಕಟ್ಟಿಸಿದರು. ನಾನು ಬಿಡಲಿಲ್ಲ. ಗಂಟಿಲ್ಲದ ಬಲೆ ತರಿಸಿದೆ. ಬೆಲೆ ಸುಮಾರು ಇಮ್ಮಡಿ, ಆದರೆ ಮೂರನೇ ಸೀಸನ್ನಿಗೂ ಕಣ್ಣು ಅಲುಗಿಲ್ಲ.

ಏನು ತಪ್ಪಿಸಿಕೊಳ್ಳುತ್ತದೆ ಎಂದು ತಿಳಿಯಲು ಚೀಲದ ಮೇಲೆ ಸಣ್ಣಕಣ್ಣಿನ ಹೊದಿಕೆ ಬಲೆ ಹಾಕುವ ಕ್ರಮ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವರಿಗೆ ಹೊಸದೇನಲ್ಲ. ಹೊದಿಕೆ ಚೀಲಕ್ಕೆ ಅಂಟಿಕೊಂಡರೆ ಮರಿ ಹೊರಗೆ ಹೋಗುವುದೇ ಇಲ್ಲ, ಲೆಕ್ಕವೆಲ್ಲ ಸುಳ್ಳಾಗುತ್ತದೆ. ಪಿವಿಸಿ ಪೈಪಿನ ಬಳೆ ಹಾಕಿದೆವು, ವಿಂಚಿನಲ್ಲಿ ಎತ್ತುವಾಗ ಚೂರಾಯಿತು. ಈಗ ಹಾಕಿರುವ ಬಳೆ ಬೇರೆ. ಅದರ ಅಳತೆ, ಎಷ್ಟು ಅಂತರಕ್ಕೊಂದು ಕಟ್ಟಬೇಕು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಕೊಟ್ಟ ಹಣ ಸಣ್ಣದಲ್ಲ.

ಅಳತೆಗೆ ಪೆನ್ನು ಬೇಡವೇ ಬೇಡ. ಒದ್ದೆ ಕೈ, ಅಲ್ಲಾಡುವ ಡೆಕ್ಕು. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೀನಿನ ಮೂತಿ ಅಂಚಿಗೆ ತಾಗಿಸಿ, ಬಾಲದ ತುದಿಯಲ್ಲಿ ಸೂಜಿ ಚುಚ್ಚಿದರೆ ಆಯಿತು. ಹಾಳೆಗೆ 50 ರೂಪಾಯಿ ಕೊಡುತ್ತೇನೆ ಎಂದ ಮೇಲೆ ಕಲಾಸಿಗಳೇ (ಬೋಟಿನ ಕೆಲಸಗಾರರೇ) ಪೈಪೋಟಿಯಲ್ಲಿ ಚುಚ್ಚಿದರು. ಚೌಕಕಣ್ಣಿನಿಂದ ತಪ್ಪಿಸಿಕೊಂಡು ಹೊದಿಕೆಗೆ ಬಿದ್ದ 100 ಕಿಲೋದಲ್ಲಿ ಸುಮಾರು 85 ಕಿಲೋ ಫಿಶ್‌ಮೀಲಿಗೇ ಹೋಗುವಂಥ ಮಾಲು.

     

ಬೋಟಿನವರನ್ನು ಒಪ್ಪಿಸುವ ಸಭೆಯಲ್ಲಿ ಕೆಲಸ ಮಾಡಿದ್ದು ಮದ್ಮಲಿನ ಲೆಕ್ಕ. 8 ಸೆಂ.ಮೀ. ಮರಿ ಕಿಲೋಗೆ 130ರಷ್ಟು ಬೀಳುತ್ತದೆ, ಬೆಲೆ 20 ರೂಪಾಯಿ. ಅದರಲ್ಲಿ ಮುಕ್ಕಾಲು ಪಾಲು ಸತ್ತೋ ಇನ್ನೊಬ್ಬರ ಬಲೆಗೆ ಬಿದ್ದೋ ಹೋಯಿತು ಎನ್ನಿ. ಉಳಿದ 32-33 ಮೀನು 18 ಸೆಂ.ಮೀ. ಆದಾಗ ಎರಡೂವರೆ ಕಿಲೋ ತೂಗುತ್ತವೆ. ಸುರಿಮಿಯವರ (ಮೀನಿನ ಮುದ್ದೆ ಮಾಡುವವರ) 80 ರೂಪಾಯಿ ದರ ಹಿಡಿದರೂ 200. ಕೊಚ್ಚಿಯ ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಇದನ್ನೇ ವರ್ಷಗಳಿಂದ ಹೇಳುತ್ತಿದ್ದಾರೆ. ಅವರ ಶಿಫಾರಸಿನ ಮೇಲೆ ಕೇರಳ 2015ರಲ್ಲೇ ಬೂತಾಯಿಗೆ (ಸಾರ್ಡೀನ್) 10, ಮದ್ಮಲಿಗೆ 12, ಬಂಗುಡೆಗೆ 14 ಸೆಂ.ಮೀ. ಎಂದು ಕನಿಷ್ಠ ಉದ್ದ ಗೊತ್ತುಮಾಡಿತು. "ಅದು ಅವರ ಸಮುದ್ರ" ಎನ್ನುವುದು ನಮ್ಮವರ ಮಾತಾಗಿತ್ತು. ನಮ್ಮದೇ ಕಲಾಸಿಗಳು ಚುಚ್ಚಿದ ಹಾಳೆ, ನಮ್ಮದೇ ಹರಾಜಿನ ಚೀಟಿ ಮುಂದಿಟ್ಟ ಮೇಲೆ ಆ ಮಾತು ನಿಂತಿತು. ನೀತಿ ಮಾಡುವವರಿಗೂ ಬೋಟಿನವರಿಗೂ ಒಂದೇ ಅಂಕಿ ತೋರಿಸಬೇಕು, ಅದೂ ರೂಪಾಯಿಯಲ್ಲಿ.

ಬೋಟುಬೋಟಿಗೂ ಬೇರೆ ಬಲೆ ಇದ್ದರೆ ಪ್ರಯೋಜನವಿಲ್ಲ, ನಾನು ಬಿಟ್ಟ ಮರಿ ಪಕ್ಕದವನ ಚೀಲಕ್ಕೆ ಬೀಳುತ್ತದೆ. ರಾಜ್ಯದ ಅಧಿಕಾರ 12 ನಾಟಿಕಲ್ ಮೈಲಿನವರೆಗೆ ಮಾತ್ರ. ನಾವು ಬಲೆ ಬಿಡುವುದು ಹೆಚ್ಚಾಗಿ ಅದರಾಚೆ. ಸಮುದ್ರದಲ್ಲಿ ಯಾರು ಹೋಗಿ ಕಣ್ಣು ಅಳೆಯುತ್ತಾರೆ? ಜೂನ್-ಜುಲೈಯ 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಎಲ್ಲ ಟ್ರಾಲ್ ಬೋಟೂ ದಕ್ಕೆಯಲ್ಲೇ ಇರುತ್ತವೆ, ಆಗಲೇ ಚೀಲ ಪರೀಕ್ಷಿಸಿ ಸೀಲು ಹಾಕಿ, ಮೀನಿನ ಉದ್ದವನ್ನು ಹರಾಜಿನ ಜಾಗದಲ್ಲಿ ನೋಡಿ ಎಂದು ಅಧಿಕಾರಿಗಳಿಗೆ ಬರೆದುಕೊಟ್ಟೆ. ನಮ್ಮ ಗುಂಪಿನ ಬೋಟುಗಳು ಹಳೆಯ ಚೀಲ ಸವೆದಂತೆ ಚೌಕಕಣ್ಣಿಗೆ ಬದಲಾಗುವುದೆಂದು ಒಪ್ಪಿವೆ. ತಾಂಡೇಲರೂ ಈಗ ಹಳೆಯದನ್ನು ಕೇಳುವುದಿಲ್ಲ. ವಿಂಗಡಿಸುವ ಕೆಲಸ ಅರ್ಧ ಕಡಿಮೆಯಾಗಿದೆ.

ಪಾಂಬೋಳ್ ಮಾತ್ರ ಇನ್ನೂ ಬಗೆಹರಿದಿಲ್ಲ. ತೆಳ್ಳಗಿನ ಮೈ, ಮಾರುವಷ್ಟು ಉದ್ದದ್ದೂ ಚೌಕದಲ್ಲಿ ನುಸುಳುತ್ತದೆ. ಆಗಸ್ಟಿನಲ್ಲಿ ಚೀಲದ ಮೇಲ್ಭಾಗಕ್ಕೆ ಮಾತ್ರ ಚೌಕ, ಕೆಳಗೆ ಡೈಮಂಡ್ ಕಟ್ಟಿ ನೋಡುತ್ತೇನೆ. ಮಂಗಳೂರು, ಗಂಗೊಳ್ಳಿ ಕಡೆ ಯಾರಾದರೂ ಮಾಡಿದ್ದರೆ ಹಾಳೆ ಸಮೇತ ತೋರಿಸಿ.